ಎಚ್ಚರ ಜ್ವರಕ್ಕೆ ನನ್ನ ರಕ್ತ

ನನ್ನ ಮೈಯಿಂದ ಅವರು ತೆಗೆದ ರಕ್ತವನ್ನೆಲ್ಲ ಒಂದು ಕಡೆ ಸುರಿದಿದ್ದರೆ ನಮ್ಮೂರಿನ ಕೆರೆ ಕೋಡಿ ಬೀಳುತ್ತಿತ್ತು. ಡಾಕ್ಟರ್ ಮಂದಾಕಿನಿಯವರನ್ನು ಕೇಳಿದರೆ ಒಟ್ಟು ಹನ್ನೆರಡು ಲೀಟರ್ ಎನ್ನುತ್ತಾರೆ. ಓದಿದವರಿಗೆ ಯಾವುದನ್ನೂ ದೊಡ್ಡದಾಗಿ ಹೇಳಲು ಬರುವುದಿಲ್ಲ.

ನನ್ನ ಹೆಸರು ಚೆಲುವಾಜಮ್ಮ. ಆಧಾರ್ ಕಾರ್ಡಿನಲ್ಲಿ ವಯಸ್ಸು ಅರವತ್ತೆಂಟು, ನನ್ನ ಮೊಣಕಾಲನ್ನು ಕೇಳಿದರೆ ಮುನ್ನೂರು. ಮೂರನೆಯ ಕ್ಲಾಸನ್ನು ಎರಡು ಸಲ ಓದಿದ್ದೇನೆ, ಹಾಗಾಗಿ ಆರನೆಯ ಕ್ಲಾಸು ಎಂದು ಹೇಳಿಕೊಳ್ಳುತ್ತೇನೆ. ಗಂಡ ಹೋಗಿ ಮೂವತ್ತೊಂದು ವರ್ಷವಾಯಿತು. ವಿಶ್ವವಿದ್ಯಾಲಯದ ಹೊಸ ರೋಗಗಳ ಸಂಶೋಧನಾ ಕೇಂದ್ರದಲ್ಲಿ ಕಸ ಗುಡಿಸುವ ಕೆಲಸ. ಇರುವ ರೋಗಗಳೇ ಸಾಲದೆ ಹೊಸವನ್ನು ಹುಡುಕಲು ಅಷ್ಟು ದೊಡ್ಡ ಕಟ್ಟಡ ಯಾಕೆ ಕಟ್ಟಿಸಿದರೋ ಎಂದು ಸೇರಿದ ದಿನದಿಂದ ಕೇಳುತ್ತಿದ್ದೆ. ಎಚ್ಚರ ಜ್ವರ ಬಂದ ಮೇಲೆ ಕೇಳುವುದನ್ನು ಬಿಟ್ಟೆ.

ಆ ಜ್ವರ ಬಂದದ್ದು ಶಿವರಾತ್ರಿಯ ಹೊತ್ತಿಗೆ. ಮೊದಲು ಕಿವಿಯ ಹಿಂದೆ ಒಂದು ಸಣ್ಣ ನೋವು. ಆಮೇಲೆ ಎರಡು ದಿನ ಮೈ ಬೆಚ್ಚಗೆ. ಅದು ಇಳಿದು, ಹೆಂಗಸು ಎದ್ದು ಓಡಾಡಿ, ಮನೆಯವರು ಉಸ್ಸಪ್ಪ ಎನ್ನುವ ಹೊತ್ತಿಗೆ ನಿದ್ದೆ ಹೋಗಿಬಿಡುತ್ತಿತ್ತು. ಹೋಗುವುದೆಂದರೆ ಪೂರ್ತಿ ಹೋಗುವುದು. ಮಾತ್ರೆ ಕೊಟ್ಟರೂ, ಸೂಜಿ ಚುಚ್ಚಿದರೂ, ರೆಪ್ಪೆಯನ್ನು ಕೈಯಲ್ಲಿ ಹಿಡಿದು ಮುಚ್ಚಿದರೂ ಇಲ್ಲ. ಕಿವಿಯ ಹಿಂದಿನ ನರ ಹಿಡಿದು ವೈರಸ್ಸು ಮಿದುಳಿಗೆ ಹತ್ತುತ್ತದೆ, ಅಲ್ಲಿ ನಿದ್ದೆಯನ್ನು ಇಟ್ಟಿರುವ ಗೂಡನ್ನೇ ತಿಂದುಬಿಡುತ್ತದೆ ಎಂದು ಮೇಡಂ ಹೇಳಿದರು. ಹನ್ನೆರಡೋ ಹದಿಮೂರೋ ದಿನ ಎಚ್ಚರವಾಗಿದ್ದು ಹೆಂಗಸು ಹೋಗಿಬಿಡುತ್ತಿದ್ದಳು. ಬರೀ ಹೆಂಗಸರು. ಗಂಡಸರಲ್ಲಿ ಬೆರಳೆಣಿಕೆ.

ಜ್ವರ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ ಎನ್ನುವುದೊಂದು ಬೇಗ ಗೊತ್ತಾಯಿತು. ಆರೈಕೆ ಮಾಡಿದವರಿಗೆ ಏನೂ ಆಗುತ್ತಿರಲಿಲ್ಲ. ಹಾಗಾದರೆ ಎಲ್ಲಿಂದ ಬರುತ್ತದೆ? ಕೇಂದ್ರದ ಹುಡುಗಿಯರು ನಲವತ್ತು ಪ್ರಶ್ನೆಯ ಹಾಳೆ ಹಿಡಿದು ಮನೆಮನೆಗೆ ಹೋದರು. ಯಾವ ನೀರು ಕುಡಿದಿರಿ, ಯಾವ ಮಾಂಸ ತಿಂದಿರಿ, ಬಾವಲಿ ಇದೆಯೇ, ನಾಯಿ ಇದೆಯೇ, ಯಾವ ಊರಿಗೆ ಹೋಗಿದ್ದಿರಿ. ದೇವಸ್ಥಾನಗಳಲ್ಲಿ ಕಾಲಿಡಲು ಜಾಗವಿರಲಿಲ್ಲ. ದೇವಿಯ ತಲೆಯ ಮೇಲಿನ ಮಲ್ಲಿಗೆಯನ್ನು ಬೇಡಿ ತಂದು ಮುಡಿದುಕೊಂಡರೆ ಜ್ವರ ಹತ್ತಿರ ಸುಳಿಯುವುದಿಲ್ಲ ಎಂದು ಊರಿಗೆ ಊರೇ ನಂಬಿತ್ತು.

ಆಷಾಢದ ಒಂದು ಮಧ್ಯಾಹ್ನ ನಾನು ಪ್ರಯೋಗಾಲಯ ಒರೆಸುತ್ತಿದ್ದೆ. ಮಂದಾಕಿನಿ ಮೇಡಂ ಕಂಪ್ಯೂಟರಿನ ಪರದೆಗೆ ಮೂಗು ತಾಗಿಸಿ ಕುಳಿತಿದ್ದರು. ನಲವತ್ತೈದರ ಹೆಂಗಸು, ಹುಡುಗರಂತೆ ಕತ್ತರಿಸಿದ ಕೂದಲು, ಮದುವೆ ಇಲ್ಲ.

“ಮೇಡಮ್ಮೋರೆ, ಉಣ್ದೆ ತಿನ್ದೆ ಎಷ್ಟೊತ್ತು ಹಿಂಗೇ ಕುಂತಿರೀರಿ? ಆ ಪರದೆ ಏನು ನಿಮ್ಮನ್ನ ಮದ್ವೆ ಆಯ್ತದಾ?”

“ಸುಮ್ನಿರಿ ಅಜ್ಜಿ. ನಾನೂರ ಹದಿನೆಂಟು ಜನ ಸತ್ತಿದಾರೆ.”

“ಅದ್ಕೇ ಯೋಳ್ತೀನಿ. ನಾನೂರ ಹತ್ತೊಂಬತ್ತನೆಯೋರು ನೀವಾಗ್ಬ್ಯಾಡಿ.”

“ನಿಮ್ಗೆ ಭಯಾನೇ ಇಲ್ವಾ?”

“ನಂಗ್ಯಾಕೆ ಭಯ? ಈ ಜ್ವರಕ್ಕೂ ಮುಂಡೇರ ಮಕ ಕಂಡ್ರೆ ಅಪಶಕುನ. ನಮ್ ಬೀದೀಲಿ ಎಂಟು ಜನ ಇದ್ದೀವಿ. ಒಬ್ಬಳ ಕಿವಿನಾದ್ರೂ ನೋಯ್ತಾ ಕೇಳಿ?”

ನಾನು ಹೇಳಿದ್ದು ನಗಲಿ ಎಂದು. ಅವರು ನಗಲಿಲ್ಲ. ಕುರ್ಚಿಯ ಸಮೇತ ನನ್ನ ಕಡೆ ತಿರುಗಿದರು. ಆಮೇಲೆ ಪರದೆಯ ಕಡೆ ತಿರುಗಿ ಏನೇನೋ ಒತ್ತಿದರು. ನಾನು ನೆಲ ಒರೆಸಿ, ಬಟ್ಟೆ ಹಿಂಡಿ, ಬಕೆಟ್ಟಿನ ನೀರು ಚೆಲ್ಲಿ ಬರುವಷ್ಟರಲ್ಲಿ ಕೋಣೆಯಲ್ಲಿ ಹತ್ತು ಜನ ನಿಂತಿದ್ದರು. ಸತ್ತ ನಾನೂರ ಹದಿನೆಂಟು ಜನರಲ್ಲಿ ಎಪ್ಪತ್ತು ದಾಟಿದ ಮುತ್ತೈದೆಯರಿದ್ದರು, ಹತ್ತರ ಹುಡುಗಿಯರಿದ್ದರು. ವಿಧವೆ ಒಬ್ಬಳೂ ಇರಲಿಲ್ಲ.

ನನ್ನ ಬಾಯಿಯಿಂದ ಬಿದ್ದ ಒಂದು ಕೀಟಲೆ ಮಾತು. ಅದನ್ನು ಹಿಡಿದು ಒಂದು ವಿಶ್ವವಿದ್ಯಾಲಯ ಓಡತೊಡಗಿತು.

ಗಂಡ ಸತ್ತ ದುಃಖ ವರ್ಷಗಟ್ಟಲೆ ಮೈಯೊಳಗೆ ಉಳಿದರೆ ರಕ್ತದಲ್ಲಿ ಒಂದು ಸತ್ವ ಹುಟ್ಟಬಹುದು, ಅದು ವೈರಸ್ಸನ್ನು ನರದೊಳಗೆ ಹೋಗದಂತೆ ತಡೆಯಬಹುದು ಎಂದು ಅವರು ಅಂದುಕೊಂಡರು. ನನ್ನ ಗಂಡ ಸತ್ತಾಗ ನನಗೆಷ್ಟು ದುಃಖವಾಯಿತು ಎನ್ನುವುದು ನನಗೊಬ್ಬಳಿಗೇ ಗೊತ್ತು. ಆ ಪ್ರಕಾರ ನನ್ನ ರಕ್ತದಲ್ಲಿ ಸತ್ವ ಅರ್ಧ ಚಮಚವೂ ಇರಬಾರದಿತ್ತು. ಆದರೆ ಹುಡುಕಿದಾಗ ಸಿಕ್ಕಿತು. ಮುತ್ತೈದೆಯರಿಗಿಂತ ಎರಡು ಪಟ್ಟು ಇತ್ತು. ಎಲ್ಲ ವಿಧವೆಯರಲ್ಲೂ ಇತ್ತು. ಅದು ವರ್ಷಗಟ್ಟಲೆ ಅರೆಹೊಟ್ಟೆ ಉಂಡವರ ರಕ್ತದಲ್ಲೆಲ್ಲ ಇರುವ ವಸ್ತು ಎಂದು ಗೊತ್ತಾಗಿದ್ದು ಎಲ್ಲ ಮುಗಿದ ಮೇಲೆ.

ರಕ್ತ ತೆಗೆಯಲು ಒಂದು ಯಂತ್ರ ತರಿಸಿದರು. ಒಂದು ಕೈಯಿಂದ ಎಳೆದುಕೊಂಡು, ಗಿರಗಿರ ತಿರುಗಿಸಿ, ಕೆಂಪನ್ನು ಇನ್ನೊಂದು ಕೈಗೆ ವಾಪಸ್ಸು ಕೊಟ್ಟು, ಹಳದಿ ತಿಳಿಯನ್ನು ತಾನು ಇಟ್ಟುಕೊಳ್ಳುತ್ತಿತ್ತು. ಆ ತಿಳಿಯಿಂದ ಲಸಿಕೆ. ಮೊದಲು ಕುರ್ಚಿಯಲ್ಲಿ ಕುಳಿತವಳು ನಾನು. ಆಮೇಲೆ ನಮ್ಮ ಬೀದಿಯ ಸಿದ್ದಾಜಮ್ಮ. ಆಮೇಲೆ ಊರಿನ ಮೂಲೆಮೂಲೆಯಿಂದ ಬಂದವರೂ ಸೇರಿ ಒಟ್ಟು ಎಪ್ಪತ್ತೊಂದು ಜನ.

ಊರು ತಿರುಗಿದ ಚಂದ ನೋಡಬೇಕಿತ್ತು. ಎಲ್ಲಿಗಾದರೂ ಹೊರಡುವಾಗ ನಾನು ಎದುರು ಬಂದರೆ ಒಳಗೆ ಹೋಗಿ ನೀರು ಕುಡಿದು ಬರುತ್ತಿದ್ದ ಜನ ಈಗ ನನಗಾಗಿ ಬಾಗಿಲಲ್ಲಿ ಕಾದು ನಿಲ್ಲುತ್ತಿದ್ದರು. ಮದುವೆ ಮನೆಯವರು ಕಾರು ಕಳಿಸಿ ಕರೆಸಿಕೊಂಡು ಮುಂದಿನ ಸಾಲಿನಲ್ಲಿ ಕೂರಿಸಿದರು. ಕೈ ಮುಟ್ಟಿ ಕಣ್ಣಿಗೊತ್ತಿಕೊಂಡವರು ಲಕ್ಷ ಜನ ಇರಬೇಕು. ಗಂಡಂದಿರ ಪಾಡು ಹೇಳತೀರದು. ಹೆಂಡತಿ ಕೊಟ್ಟ ಕಾಫಿಯನ್ನು ಮೂಸಿ ನೋಡಿ ಕುಡಿಯುತ್ತಿದ್ದರು.

ನನಗೆ ಇದೆಲ್ಲಕ್ಕಿಂತ ಬೇಕಾಗಿದ್ದದ್ದು ಒಂದೇ. ನನ್ನ ಸೊಸೆ ಮಣಿ ಉಳಿಯಬೇಕಿತ್ತು.

ನನ್ನ ಮಗ ಮಾದಪ್ಪ ಸ್ಕೂಲು ವ್ಯಾನು ಓಡಿಸುತ್ತಾನೆ. ಅವನ ಧಾರೆಯ ಹೊತ್ತಿನಲ್ಲಿ ನಾನು ಛತ್ರದ ಅಡುಗೆಮನೆಯಲ್ಲಿ ಕುಳಿತಿದ್ದೆ. ಹೆತ್ತವಳೇ ಆದರೂ ನಾನು ಎದುರು ನಿಲ್ಲುವ ಹಾಗಿರಲಿಲ್ಲ. ಧಾರೆ ಮುಗಿದದ್ದೇ ಹತ್ತೊಂಬತ್ತರ ಆ ಹುಡುಗಿ ಬಾಸಿಂಗದಲ್ಲೇ ಒಳಗೆ ಬಂದು, ಈರುಳ್ಳಿ ಸಿಪ್ಪೆಯ ರಾಶಿಯ ಮಧ್ಯೆ ಕುಳಿತಿದ್ದ ನನ್ನ ಕಾಲು ಮುಟ್ಟಿದಳು. ಅವತ್ತಿನಿಂದ ಹದಿನೇಳು ವರ್ಷ, ನಾವಿಬ್ಬರೂ ಜಗಳವಾಡದ ದಿನವಿಲ್ಲ. ಅವಳಿಲ್ಲದೆ ನಾನು ಉಂಡ ದಿನವೂ ಇಲ್ಲ.

ಮಣಿ ಮನೆಯಲ್ಲೇ ಹೂ ಕಟ್ಟಿ ಮಾರುತ್ತಿದ್ದಳು. ಮಾರ್ಕೆಟ್ಟಿನಿಂದ ಮೊಗ್ಗು ತಂದು, ಒದ್ದೆ ಗೋಣಿಯ ಮೇಲೆ ಸುರಿದು, ಬಾಳೆನಾರಿನಲ್ಲಿ ಕಟ್ಟಲು ಕುಳಿತರೆ ಬೆರಳು ಕಾಣಿಸುತ್ತಿರಲಿಲ್ಲ. ಒಂದು ಹಟ ಅವಳಿಗೆ. ಮಾರುವ ಹೂವನ್ನು ತಾನು ಮುಡಿಯುತ್ತಿರಲಿಲ್ಲ. ಮುಡಿದರೆ ವ್ಯಾಪಾರ ಕೈಗೆ ಹತ್ತುವುದಿಲ್ಲವಂತೆ. ಅವರಮ್ಮ ಹೇಳಿಕೊಟ್ಟದ್ದು. ಬುಟ್ಟಿ ಹಿಡಿದು ಹೊರಡುವಾಗ ಮಾತ್ರ ನನ್ನನ್ನು ಕೂಗಿ ಕರೆಯುತ್ತಿದ್ದಳು.

“ಅತ್ತೆಮ್ಮಾ, ವಸಿ ಎದುರ್ಗೆ ಬನ್ನಿ. ಯಾಪಾರಕ್ಕೆ ಹೊಂಟೆ.”

ಇದು ಜ್ವರ ಬರುವುದಕ್ಕೆ ಎಷ್ಟೋ ವರ್ಷ ಮೊದಲಿನ ಮಾತು. ಜಗತ್ತೆಲ್ಲ ನನ್ನ ಮುಖ ತಪ್ಪಿಸುತ್ತಿದ್ದಾಗ ಕರೆದು ನೋಡುತ್ತಿದ್ದವಳು ಅವಳೊಬ್ಬಳೇ.

ಕಾರ್ತಿಕದಲ್ಲಿ ಲಸಿಕೆ ತಯಾರಾಯಿತು. ಮೊದಲು ಸಾವಿರ ಜನರಿಗೆ ಎಂದರು. ನಾನು ಮೇಡಂ ಮುಂದೆ ಕುಳಿತುಬಿಟ್ಟೆ. ಮಣಿಯ ಹೆಸರು ಪಟ್ಟಿಯಲ್ಲಿ ಇಲ್ಲದಿದ್ದರೆ ನಾಳೆಯಿಂದ ನನ್ನ ತೋಳು ಸಿಗುವುದಿಲ್ಲ ಎಂದೆ. ಅವರು ನಕ್ಕು ಬರೆದುಕೊಂಡರು.

ಸೂಜಿ ಚುಚ್ಚುವಾಗ ಮಣಿ ಮುಖ ಕಿವುಚಿಕೊಂಡು ನನ್ನ ಕೈ ಹಿಡಿದಿದ್ದಳು.

“ಅತ್ತೆಮ್ಮಾ, ನಿಮ್ ರಕ್ತ ನನ್ನೊಳಗೆ ಹೋಯ್ತಾ ಅದೆ. ನಂಗೂ ನಿಮ್ ಬಾಯಿ ಬಂದ್ಬುಟ್ರೆ ಏನ್ ಗತಿ?”

“ಬಂದ್ರೆ ಪುಣ್ಯ ಮಾಡಿದ್ದೆ ಅನ್ಕೊ. ನಿಮ್ಮಮ್ಮನ ಕಡೇರ ರಕ್ತದಲ್ಲಿ ಮಾತೇ ಇಲ್ಲ. ಮೂಗು ಸುರ್ಕೋದೊಂದೇ.”

“ನಮ್ಮಮ್ಮನ ಸುದ್ದಿಗೆ ಬರ್ಬ್ಯಾಡಿ.”

“ನಾನೆಲ್ಲಿ ಬಂದೆ? ನಿಮ್ಮಮ್ಮನೇ ತಿಂಗ್ಳಿಗೆ ಮೂರ್ ಸಲ ನಮ್ ಮನೇಗೆ ಬತ್ತಳೆ.”

ಸೂಜಿ ಹಾಕುತ್ತಿದ್ದ ನರ್ಸು ನಗು ತಡೆಯಲಾರದೆ ಹತ್ತಿಯನ್ನು ಕೆಳಗೆ ಬೀಳಿಸಿದಳು.

ಪುಷ್ಯ, ಮಾಘ. ಜ್ವರ ನಿಂತಂತೆ ಆಯಿತು. ಲಸಿಕೆ ಹಾಕಿಸಿಕೊಂಡ ಸಾವಿರ ಜನರಲ್ಲಿ ಒಬ್ಬರಿಗೂ ಬರಲಿಲ್ಲ. ಹಾಕಿಸಿಕೊಳ್ಳದವರಿಗೂ ಹೆಚ್ಚೇನೂ ಬರಲಿಲ್ಲ, ಆದರೆ ಗೆಲ್ಲುವ ಹೊತ್ತಿನಲ್ಲಿ ಅದನ್ನು ಯಾರು ಗಮನಿಸುತ್ತಾರೆ? ಪೇಪರಿನಲ್ಲಿ ಮೇಡಂ ಚಿತ್ರ ಬಂತು, ಪಕ್ಕದಲ್ಲಿ ಯಂತ್ರದ ಚಿತ್ರ, ಅದರ ಪಕ್ಕದಲ್ಲಿ ನನ್ನ ತೋಳು. ಚಳಿಗಾಲದಲ್ಲಿ ಮಲ್ಲಿಗೆ ಬಿಡುವುದಿಲ್ಲ, ಬಿಟ್ಟರೂ ಬಂಗಾರದ ಬೆಲೆ, ಹೆಂಗಸರೆಲ್ಲ ಸೇವಂತಿಗೆ ಮುಡಿಯುತ್ತಾರೆ ಎನ್ನುವುದು ನಮ್ಮ ಮನೆಯ ಬೆಕ್ಕಿಗೂ ಗೊತ್ತಿತ್ತು. ಕೇಂದ್ರದಲ್ಲಿ ಹೂ ಮುಡಿಯುವವರು ಒಬ್ಬರೂ ಇರಲಿಲ್ಲ. ಅವರು ಟೋಪಿ ಹಾಕುವವರು.

ಚೈತ್ರದಲ್ಲಿ ವಿಶ್ವವಿದ್ಯಾಲಯದ ದೊಡ್ಡ ಸಭಾಂಗಣದಲ್ಲಿ ನಮಗೆ ಸನ್ಮಾನ ಎಂದು ಗೊತ್ತಾಯಿತು. ಎಪ್ಪತ್ತೊಂದು ಜನಕ್ಕೂ ಸೀರೆ, ಫಲ, ತಾಂಬೂಲ. ಮೇಡಂ ನನ್ನನ್ನು ಪಕ್ಕಕ್ಕೆ ಕರೆದರು.

“ಅಜ್ಜಿ, ನಮ್ಮಮ್ಮನಿಗೆ ಹೂವು ಅಂದ್ರೆ ಪ್ರಾಣ. ಅಪ್ಪ ಹೋದ್ಮೇಲೆ ಇಪ್ಪತ್ತಾರು ವರ್ಷ ಒಂದು ಎಸಳೂ ಮುಡೀದೆ ಸತ್ರು. ನಾನು ಅವ್ರಿಗೆ ಮುಡಿಸ್ಲಿಲ್ಲ. ಧೈರ್ಯ ಬರ್ಲಿಲ್ಲ. ಆವತ್ತು ವೇದಿಕೆ ಮೇಲೆ ನಿಮ್ಮೆಲ್ಲರ್ಗೂ ನನ್ನ ಕೈಯ್ಯಾರೆ ಮಲ್ಲಿಗೆ ಮುಡಿಸ್ಬೇಕು ಅಂತಿದೀನಿ. ಬೇಡ ಅಂತೀರಾ?”

ನಾನು ಏನಾದರೂ ಕೀಟಲೆ ಮಾಡಬೇಕಿತ್ತು.

“ನಮ್ ಮಣಿ ಕಟ್ಟಿಕೊಡ್ತಳೆ,” ಎಂದಷ್ಟೇ ಹೇಳಿದೆ.

ಎಪ್ಪತ್ತೊಂದು ಮೊಳ. ಆ ಸುಗ್ಗಿಯ ಮೊದಲ ಮಲ್ಲಿಗೆ, ಎಲ್ಲ ಒಂದೇ ತೋಟದ ಮೊಗ್ಗು. ಮಣಿ ಬೆಳಿಗ್ಗೆಯಿಂದ ಕಟ್ಟಿದಳು, ನಾನು ಮೊಳ ಹಾಕಿ ಕತ್ತರಿಸಿ ಬುಟ್ಟಿಗೆ ಇಳಿಸಿದೆ. ಕೊನೆಯ ಮೊಳಕ್ಕೆ ಮೊಗ್ಗು ಸಾಲದೆ ಗೋಣಿಯ ಮೂಲೆಯಲ್ಲಿ ತಡಕಿ ತಡಕಿ ಆರಿಸಬೇಕಾಯಿತು. ಒಂದು ಬೆರಳಷ್ಟೂ ಉಳಿಯಲಿಲ್ಲ.

ಸಭಾಂಗಣ ತುಂಬಿತ್ತು. ಹತ್ತು ಸಾವಿರ ಜನ. ಆಸನ ಇದ್ದದ್ದು ಎಂಟುನೂರು ಎನ್ನುತ್ತಾರೆ, ಇರಲಿ. ನಾವು ಬಿಳಿ ತಲೆಯವರು ವೇದಿಕೆಯ ಮೇಲೆ ಸಾಲಾಗಿ ಕುಳಿತಿದ್ದೆವು. ಮೇಡಂ ಒಬ್ಬೊಬ್ಬರ ಹಿಂದೆ ಬಂದು ನಿಂತು ಹೂ ಮುಡಿಸುತ್ತ ಹೋದರು. ಮುಡಿಸಿ ಅಭ್ಯಾಸವಿಲ್ಲ ಪಾಪ, ಪಿನ್ನು ಹಾಕಲೂ ಬರುವುದಿಲ್ಲ. ಸಿದ್ದಾಜಮ್ಮನ ಸರದಿ ಬಂದಾಗ ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು. ಕೆಳಗೆ ಕುಳಿತ ಜನವೂ ಅತ್ತರು. ನನ್ನ ತಲೆಗೆ ಹೂ ತಾಗಿದಾಗ ತಣ್ಣಗಾಯಿತು. ಮೂವತ್ತೊಂದು ವರ್ಷದಲ್ಲಿ ಅದರ ಭಾರವೇ ಮರೆತುಹೋಗಿತ್ತು.

ಸಂಜೆ ನಾವಿಬ್ಬರೂ ಬಸ್ಸಿಳಿದು ಮನೆಯ ಕಡೆ ನಡೆದೆವು. ಮಣಿ ಖಾಲಿ ಬುಟ್ಟಿ ಹಿಡಿದಿದ್ದಳು. ವೇದಿಕೆಯ ಮೇಲೆ ಅಷ್ಟು ಜನರ ಎದುರು ಆಗದ ನಾಚಿಕೆ ನಮ್ಮ ಬೀದಿಯ ತಿರುವಿನಲ್ಲಿ ಆಯಿತು. ಇಲ್ಲಿರುವವರು ನನ್ನನ್ನು ಬಲ್ಲವರು, ನನ್ನ ಗಂಡನನ್ನು ಹೊತ್ತವರು. ಹಾಲಿನಂಗಡಿಯ ಮುಂದೆ ನಾಲ್ಕು ಜನ ನಿಂತಿದ್ದರು. ನಾನು ನಿಂತುಬಿಟ್ಟೆ.

“ಯಾಕೆ ಅತ್ತೆಮ್ಮಾ?”

“ಈ ಇಲಿಬಾಲದಲ್ಲಿ ಹೂ ನಿಲ್ಲಾಕಿಲ್ಲ ಕಣಮ್ಮಿ. ಬಗ್ಗು ವಸಿ.”

“ನಂಗ್ಯಾಕೆ? ನಿಮ್ಗೆ ಮುಡಿಸಿದ್ದು.”

“ಊರ್ಗೆಲ್ಲ ಕಟ್ಟಿಕೊಟ್ಟು ಬೋಳು ತಲೇಲಿ ಬತ್ತಾ ಇದ್ದೀಯ, ಮುತ್ತೈದೆ. ಮಾದಪ್ಪ ಇನ್ನೂ ಬದ್ಕವ್ನೆ. ಬಗ್ಗು ಅಂದ್ರೆ ಬಗ್ಗು.”

ಅವಳು ನಗುತ್ತ ಬಗ್ಗಿದಳು. ಇದು ಮಾರುವ ಹೂವಲ್ಲ, ಅತ್ತೆ ಕೊಟ್ಟ ಹೂವು, ಆದ್ದರಿಂದ ಬೇಡವೆನ್ನಲಿಲ್ಲ. ನಾನು ಹೂ ತೆಗೆದು ಅವಳ ಜಡೆಗೆ, ಕಿವಿಯ ಹಿಂದಿನಿಂದ ಸುತ್ತಿ, ಚೆನ್ನಾಗಿ ಒತ್ತಿ ಮುಡಿಸಿದೆ. ಮೊಗ್ಗು ಆಗಷ್ಟೇ ಬಿರಿಯತೊಡಗಿತ್ತು.

ಒಂಬತ್ತನೆಯ ದಿನ ಸಿದ್ದಾಜಮ್ಮನಿಗೆ ಕಿವಿಯ ಹಿಂದೆ ನೋವು ಬಂತು. ಅದರ ಮರುದಿನ ಐದು ಜನಕ್ಕೆ. ಹದಿನಾಲ್ಕನೆಯ ದಿನದ ಹೊತ್ತಿಗೆ ಎಪ್ಪತ್ತೊಂದರಲ್ಲಿ ನಲವತ್ತೊಂಬತ್ತು ಜನ ಮಲಗಿದ್ದರು. ಮಲಗಿದ್ದರು ಎನ್ನುವುದು ತಪ್ಪು. ಕಣ್ಣು ಬಿಟ್ಟುಕೊಂಡು ಕುಳಿತಿದ್ದರು.

ಆ ದಿನ ಬೆಳಿಗ್ಗೆ ನಾನು ಎದ್ದಾಗ ನಮ್ಮ ಹಿತ್ತಲಿನ ತಂತಿಯ ತುಂಬ ಕಂಬಳಿಗಳು ಒಣಗುತ್ತಿದ್ದವು. ಮನೆಯ ಪಾತ್ರೆಗಳನ್ನೆಲ್ಲ ತೊಳೆದು ಬೋರಲು ಹಾಕಿತ್ತು. ಮಣಿ ಒಲೆಯ ಮುಂದೆ ಕುಳಿತಿದ್ದಳು.

“ಯಾಕೋ ಎರಡು ದಿನದಿಂದ ನಿದ್ದೇನೇ ಸರಿಯಾಗಿ ಹತ್ತಾಕಿಲ್ಲ ಅತ್ತೆಮ್ಮಾ. ಸುಮ್ನೆ ಹೊಳ್ಳಾಡೋ ಬದ್ಲು ಒಗ್ದಾಕ್ದೆ.”

“ಅಬ್ಬಾ, ಹದ್ನೇಳು ವರ್ಷಕ್ಕೆ ಸೊಸೆಗೆ ಬುದ್ಧಿ ಬಂತು,” ಎಂದು ಹೇಳಿ ಕಾಫಿ ಕುಡಿದು ಕೆಲಸಕ್ಕೆ ಹೋದೆ.

ಮೇಡಂ ನನ್ನನ್ನು ನೋಡಿದ್ದೇ ತೋಳು ಹಿಡಿದು ಕುರ್ಚಿಯಲ್ಲಿ ಕೂರಿಸಿದರು. ಅವರು ಎರಡು ದಿನದಿಂದ ಬಟ್ಟೆ ಬದಲಿಸಿರಲಿಲ್ಲ.

“ಅಜ್ಜಿ, ನಿಮ್ಗೇನೂ ಆಗಿಲ್ಲ. ಸಿದ್ದಾಜಮ್ಮ, ನೀವು, ಒಂದೇ ಬೀದಿ, ಒಂದೇ ಬಸ್ಸು, ಒಂದೇ ಊಟ. ಅವತ್ತು ನೀವು ಏನು ಬೇರೆ ಮಾಡಿದ್ರಿ? ಒಂದೊಂದೇ ಹೇಳಿ. ನಗಿಸೋಕೆ ಹೋಗ್ಬೇಡಿ.”

ನಾನು ಹೇಳಿದೆ. ಇಡ್ಲಿ ತಿಂದದ್ದು, ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತದ್ದು, ಸೀರೆ, ಬಾಳೆಹಣ್ಣು, ಭಾಷಣಕ್ಕೆ ತೂಕಡಿಸಿದ್ದು. ಅವರು ತಲೆಯಾಡಿಸುತ್ತ ಬರೆದುಕೊಂಡರು. ಎಲ್ಲರದ್ದೂ ಅದೇ.

“ಆಮೇಲೆ ನಮ್ ಬೀದಿ ತಿರುವಲ್ಲಿ ನಾಚ್ಕೆ ಆಗಿ ಹೂ ತೆಗ್ದುಬುಟ್ಟೆ. ನೀವು ಬೇಜಾರ್ ಮಾಡ್ಕಬ್ಯಾಡಿ ಮೇಡಮ್ಮೋರೆ. ಸೊಸೆಗೆ ಮುಡಿಸ್ದೆ.”

ಪೆನ್ನು ನಿಂತಿತು.

ಅವರು ಎದ್ದು ಒಬ್ಬ ಹುಡುಗಿಯನ್ನು ಮಾರ್ಕೆಟ್ಟಿಗೆ ಓಡಿಸಿದರು. ಅವಳು ಅದೇ ತೋಟದ ಮೊಗ್ಗು ತಂದಳು. ಮೊಗ್ಗನ್ನು ಸೀಳಿದರು, ಏನೂ ಕಾಣಿಸಲಿಲ್ಲ. ನೀರಿಗೆ ಹಾಕಿದರು, ಇಲ್ಲ. ಆಮೇಲೆ ಮೇಡಂ ನನ್ನ ತಲೆಯನ್ನೇ ನೋಡುತ್ತ ನಿಂತರು. “ಎಣ್ಣೆ ಯಾವ್ದು ಹಚ್ತೀರಿ?” ಎಂದರು. ಕೊಬ್ಬರಿ ಎಣ್ಣೆ ಎಂದೆ. ನನ್ನ ಕೂದಲಿನ ಒಂದು ಸಣ್ಣ ಎಳೆ ಕತ್ತರಿಸಿ, ಮೈಯಷ್ಟೇ ಬೆಚ್ಚಗಿರುವ ತಟ್ಟೆಯ ಮೇಲೆ ಇಟ್ಟು, ಅದರ ಮೇಲೆ ಮೊಗ್ಗುಗಳನ್ನು ಇಟ್ಟು ಗಾಜು ಮುಚ್ಚಿದರು. ಮೂರ್ನಾಲ್ಕು ಗಂಟೆ ಕಾದೆವು. ಶಾಖಕ್ಕೆ ಮೊಗ್ಗು ಬಿರಿಯಿತು. ಎಣ್ಣೆಯ ವಾಸನೆಗೆ ಒಳಗಿಂದ ನುಸಿಗಳು ಇಳಿದು ಬಂದವು. ಬರಿಗಣ್ಣಿಗೆ ಧೂಳು. ಪರದೆಯ ಮೇಲೆ ಒಂದೊಂದೂ ಎಮ್ಮೆಯಷ್ಟಿತ್ತು. ಈ ಸಲ ನಾನು ಹೆಚ್ಚಿಸಿ ಹೇಳುತ್ತಿಲ್ಲ.

ಕಟ್ಟುವವರ ಬೆರಳಿಗೆ, ದೇವರ ಕೊರಳಿಗೆ ಬರುವಾಗ ಅದು ಮೊಗ್ಗಿನೊಳಗೇ ಮಲಗಿರುತ್ತದೆ. ಮುಡಿದ ಮೇಲೆ ತಲೆಯ ಬಿಸಿಗೆ ಹೊರಗೆ ಬಂದು ಕಿವಿಯ ಹಿಂದೆ ಕಚ್ಚುತ್ತದೆ. ಅಷ್ಟೇ. ವಿಧವೆಯರ ರಕ್ತದಲ್ಲಿ ಏನೂ ಇರಲಿಲ್ಲ. ನಮ್ಮ ತಲೆಯ ಮೇಲೆ ಹೂವಿರಲಿಲ್ಲ.

“ಇದು ಯಾರಿಗೂ ಹೊಳೀಲಿಲ್ಲ,” ಎಂದರು ಮೇಡಂ. “ನಾನೇ ಮುಡಿಸ್ದೆ. ಒಬ್ಬೊಬ್ರಿಗೂ ನನ್ನ ಕೈಯ್ಯಾರೆ.” ಆಮೇಲೆ ಇದ್ದಕ್ಕಿದ್ದಂತೆ ನನ್ನ ಕಡೆ ತಿರುಗಿದರು. “ಸೊಸೆ ಹೇಗಿದಾರೆ ಅಜ್ಜಿ?”

ತಂತಿಯ ಮೇಲಿನ ಕಂಬಳಿಗಳು ನನ್ನ ಕಣ್ಣ ಮುಂದೆ ಬಂದವು. ಅದಕ್ಕೂ ಮೊದಲು ಎರಡು ದಿನ ಅವಳ ಮೈ ಬೆಚ್ಚಗಿದ್ದದ್ದು, ಲಸಿಕೆ ಹಾಕಿಸಿಕೊಂಡವಳಲ್ಲವೇ ಎಂದು ನಾನು ಕಷಾಯ ಕೊಟ್ಟು ಸುಮ್ಮನಾದದ್ದು ನೆನಪಾಯಿತು. “ರಾತ್ರಿಯೆಲ್ಲ ಕಂಬಳಿ ಒಗ್ದವಳೆ,” ಎಂದೆ. ಅವರು ಅರ್ಥ ಮಾಡಿಕೊಂಡು ನನ್ನ ಪಕ್ಕದಲ್ಲಿ ನೆಲದ ಮೇಲೇ ಕುಳಿತರು.

“ಇನ್ನೊಂದ್ ಬಾಟ್ಲು ಲಸಿಕೆ ಹಾಕಿ ಮೇಡಮ್ಮೋರೆ. ನನ್ ರಕ್ತ ಎಷ್ಟ್ ಬೇಕೋ ತಕ್ಕಳಿ.”

“ಅದ್ರಲ್ಲಿ ಏನೂ ಇಲ್ಲ ಅಜ್ಜಿ. ಗೊತ್ತಾಯ್ತಲ್ಲ ಈಗ.”

“ಏನೂ ಇಲ್ದಿದ್ರೆ ಹಾಕಾಕೇನು ಕಷ್ಟ? ಅವಳು ನಂಬವಳೆ.”

ಅವರು ಹಾಕಿದರು. ಮನೆಗೇ ಬಂದು ಹಾಕಿದರು. ಮಣಿ ತೋಳು ಚಾಚಿ, ಈ ಸಲ ಮುಖ ಕಿವುಚದೆ ನಕ್ಕಳು. “ನಿಮ್ ರಕ್ತ ಇರೋವರ್ಗೂ ನಂಗೇನಾಯ್ತದೆ ಅತ್ತೆಮ್ಮಾ,” ಎಂದಳು. ಹೌದು ಕಣಮ್ಮಿ ಎಂದೆ. ಬದುಕಿನಲ್ಲಿ ನಾನು ಹೇಳಿದ ಸುಳ್ಳುಗಳಿಗೆಲ್ಲ ಕೈಕಾಲು ಬಾಲ ಇರುತ್ತಿದ್ದವು. ಇದಕ್ಕೆ ಏನೂ ಇರಲಿಲ್ಲ.

ಸುದ್ದಿ ಟೀವಿಯಲ್ಲಿ ಬಂದ ದಿನವೇ ಹೆಂಗಸರು ಹೂವನ್ನು ಕಿತ್ತೆಸೆದರು. ಸರ್ಕಾರ ಮಲ್ಲಿಗೆ ತೋಟಗಳನ್ನು ಸುಡಿಸಿತು. ಸುಟ್ಟರೆ ನುಸಿ ಸಾಯುತ್ತದೆಯೇ? ಹೊಗೆಗೆ ಎದ್ದು ಹಾರಿತು. ಎರಡು ವಾರದಲ್ಲಿ ಕನಕಾಂಬರದಲ್ಲಿ ಸಿಕ್ಕಿತು. ಆಮೇಲೆ ಮೆಣಸಿನಕಾಯಿ ಗಿಡದಲ್ಲಿ, ಹತ್ತಿಯಲ್ಲಿ. ಹೊಲದಲ್ಲಿ ಕೆಲಸ ಮಾಡುವ ಗಂಡಸರಿಗೂ ಜ್ವರ ಬರತೊಡಗಿತು. ಅಲ್ಲಿಯವರೆಗೆ ಅದಕ್ಕೆ ಹೂವೊಂದೇ ದಾರಿಯಾಗಿತ್ತು. ದಾರಿ ಮುಚ್ಚಿದ ಮೇಲೆ ನೂರು ದಾರಿ ಕಲಿತುಕೊಂಡಿತು. ಮೇಡಂ ಈಗ ತಮ್ಮ ಮಾತಿನಲ್ಲಿ ‘ನಿಲ್ಲಿಸುತ್ತೇವೆ’ ಎಂಬುದನ್ನು ಬಿಟ್ಟುಬಿಟ್ಟಿದ್ದಾರೆ.

ಸಿದ್ದಾಜಮ್ಮ ಹೋದಳು. ನಲವತ್ತೊಂಬತ್ತು ಜನವೂ ಹೋದರು.

ಮಣಿಯ ನಿದ್ದೆ ಹೋಗಿ ಹನ್ನೊಂದನೆಯ ದಿನ ಮೇಡಂ ಹೊಸ ಹಾಳೆ ಹಿಡಿದು ಬಂದರು. ಹಳೆಯ ನಲವತ್ತು ಪ್ರಶ್ನೆಯ ಕೆಳಗೆ ಈಗ ಹೂವಿನ ಪ್ರಶ್ನೆಗಳು ಸೇರಿದ್ದವು. ಎಲ್ಲ ರೋಗಿಗಳಿಂದಲೂ ಬರೆಸಿಕೊಳ್ಳಲೇಬೇಕಂತೆ, ಮುಂದಿನ ಸಂಶೋಧನೆಗೆ. ಮಣಿ ಗೋಡೆಗೆ ಒರಗಿ ಕುಳಿತಿದ್ದಳು. ಕಣ್ಣುಗಳು ಗುಳಿಯೊಳಗೆ ಇಳಿದು ದೀಪದಂತೆ ಉರಿಯುತ್ತಿದ್ದವು. ಬೆರಳುಗಳು ಮಡಿಲಲ್ಲಿ ಸುಮ್ಮನೆ ಏನನ್ನೋ ಕಟ್ಟುತ್ತಿದ್ದವು. ಮಾದಪ್ಪ ಅವಳ ಕಾಲ ಬಳಿ ಕುಳಿತಿದ್ದ. ಹೂ ತಂದ ತೋಟ, ಕಟ್ಟಿದ ದಿನ, ಎಲ್ಲಕ್ಕೂ ಅವಳು ನಿಧಾನವಾಗಿ ಉತ್ತರ ಕೊಟ್ಟಳು.

ಮೇಡಂ ಮುಂದಿನ ಪ್ರಶ್ನೆಯ ಹತ್ತಿರ ತಡವರಿಸಿ ಹಾಳೆ ಮಡಚಲು ಹೋದರು. ಮಣಿಯೇ ಬಿಡಲಿಲ್ಲ.

“ಕೇಳಿ ಮೇಡಂ. ಅದ್ನೂ ಕೇಳಿ.”

“ಹೂವು... ಯಾರು ಮುಡಿಸಿದ್ದು?”

ನಾನು ಬಾಗಿಲ ಬಳಿ ನಿಂತಿದ್ದೆ. ಇಷ್ಟು ದಿನ ಆ ಮಾತನ್ನು ಮಗನಿಗೆ ಹೇಳಲು ಆಗಿರಲಿಲ್ಲ. ಇವತ್ತು ತಾನಾಗಿಯೇ ಹೊರಗೆ ಬರುತ್ತದೆ, ಬರಲಿ ಎಂದು ಕಂಬ ಹಿಡಿದುಕೊಂಡೆ.

“ನಾನೇ ಮುಡ್ಕಂಡೆ,” ಎಂದಳು ಮಣಿ. “ಕಟ್ಟುವಾಗ ಒಂದ್ ಮೊಳ ಎತ್ತಿ ಮಡಿಕೊಂಡಿದ್ದೆ. ಅತ್ತೆಮ್ಮಂಗೂ ಗೊತ್ತಾಗ್ದಂಗೆ.”

ಮಾದಪ್ಪ ತಲೆಯೆತ್ತಿದ. “ಮಾರೋ ಹೂವ ಮುಡಿಯೋಳಲ್ವಲ್ಲಮ್ಮಿ ನೀನು? ಯಾಕ್ ಮುಡ್ಕಂಡೆ?”

“ಆಸೆ ಆಯ್ತು.”

ಅವನು ಮುಖ ಮುಚ್ಚಿಕೊಂಡ. ಮೇಡಂ ನನ್ನನ್ನು ನೋಡಿದರು. ನಿಜವನ್ನು ನನ್ನ ಬಾಯಿಂದಲೇ ಕೇಳಿದ್ದವರು ಅವರು. ನಾನು ಮಾತಾಡಲು ಒಂದು ಹೆಜ್ಜೆ ಒಳಗಿಟ್ಟೆ. ಮಣಿ ಆ ಉರಿಯುವ ಕಣ್ಣುಗಳನ್ನು ನನ್ನ ಮೇಲಿಟ್ಟು, ಕೊಬ್ಬಿನ ಸೊಸೆಯ ಹಾಗೆ ಹುಬ್ಬು ಗಂಟಿಕ್ಕಿದಳು.

“ಅತ್ತೆಮ್ಮಾ, ಒಲೆ ಮೇಲೆ ಸಾರು ಉಕ್ತಾ ಅದೆ. ಹೋಗಿ ನೋಡಿ. ಬಂದೋರ ಮುಂದೆ ನಿಂತ್ಕಂಡು ಬಾಯಿ ಹಾಕ್ಬ್ಯಾಡಿ.”

ಒಲೆಯ ಮೇಲೆ ಏನೂ ಇರಲಿಲ್ಲ. ನಾನು ಹೋದೆ. ಹಿಂದಿನಿಂದ ಮೇಡಂ ಬರೆಯುವ ಸದ್ದು ಕೇಳಿಸಿತು.

ಮಣಿ ಹದಿಮೂರನೆಯ ದಿನ ಮಧ್ಯಾಹ್ನ ಹೋದಳು. ರೆಪ್ಪೆ ಮುಚ್ಚಿದ್ದು ಮಾದಪ್ಪ.

ಈಗ ಅಡುಗೆ ಅವನೇ ಮಾಡುತ್ತಾನೆ. ವ್ಯಾನು ನಿಲ್ಲಿಸಿ ಬಂದು, ಕೈ ತೊಳೆದು, ಮೊದಲು ನನಗೆ ಬಡಿಸುತ್ತಾನೆ. “ಉಣ್ಣವ್ವ, ನೀನಾದ್ರೂ ಉಳ್ಕಂಡಿದ್ದೀಯಲ್ಲ,” ಎನ್ನುತ್ತಾನೆ. ನಾನು ಉಣ್ಣುತ್ತೇನೆ.